ನನಗೊಬ್ಬಳಿಗೇ ಬೇರೆ ಟೈಮಿಂಗ್ ಕೇಳಿದ್ದು

ಅಮ್ಮನಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ. ಸಿಕ್ಕಿದ್ದು ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ. ನನ್ನ ಆಫೀಸ್ ಟೈಮ್ 9ರಿಂದ 6, ಊಟದ ಒಂದು ಗಂಟೆ ಸೇರಿ. ಹೇಗೆ ಲೆಕ್ಕ ಹಾಕಿದರೂ ಕೂಡಿಬರಲಿಲ್ಲ.

ಮ್ಯಾನೇಜರ್ ಹತ್ತಿರ ಮೊದಲ ಸಲ ಕೇಳಿದ್ದು ಲಿಫ್ಟ್ ಮುಂದೆ ನಿಂತುಕೊಂಡು. "ಸರ್, ಮನೇಲಿ ಸ್ವಲ್ಪ ಕಷ್ಟ ಇದೆ, ಟೈಮಿಂಗ್ ಅಡ್ಜಸ್ಟ್ ಮಾಡೋಕೆ ಆಗುತ್ತಾ?" ಅಂದೆ. "ನೋಡೋಣ, ನೋಡೋಣ" ಅಂದರು. ಎರಡು ವಾರ ಆದರೂ ಅದೇ "ನೋಡೋಣ". ತಪ್ಪು ಅವರದ್ದಲ್ಲ. ನನಗೆ ಏನು ಬೇಕು ಅಂತ ನಾನೇ ಸರಿಯಾಗಿ ಹೇಳಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. 10 ಕೆಲಸದ ದಿನ, ಯಾವ ಕೆಲಸ ಎಷ್ಟು ಹೊತ್ತಿಗೆ ಮಾಡಿದೆ, ಅದಕ್ಕೆ ಬೇರೆಯವರು ಜೊತೆಗೆ ಇರಲೇಬೇಕಿತ್ತಾ, ಅಷ್ಟೇ ಬರೆದೆ. ನೋಡಿದರೆ ನನಗೇ ಆಶ್ಚರ್ಯ. ಮಧ್ಯಾಹ್ನದ ಮೇಲೆ ನಾನು ಇರಲೇಬೇಕಾದ ಕೆಲಸ ಒಂದೇ ಒಂದು: 5 ಗಂಟೆಯ ಹ್ಯಾಂಡೋವರ್ ಕಾಲ್, ಅಂದರೆ ಕೆಲಸವನ್ನು ಮುಂದಿನವರಿಗೆ ಒಪ್ಪಿಸುವ ಕಾಲ್. ಉಳಿದಿದ್ದೆಲ್ಲ ರಿಪೋರ್ಟ್, ಮೇಲ್. ಬೆಳಿಗ್ಗೆ ಬೇಗ ಕೂತರೆ ಮುಗಿಯುವಂಥದ್ದು.

ಈ ಸಲ ಅರ್ಧ ಗಂಟೆ ಟೈಮ್ ಕೇಳಿ, ಒಂದು ಹಾಳೆ ಹಿಡಿದು ಹೋದೆ. ಆ 3 ದಿನ ಮನೆಯಿಂದ 6:30ರಿಂದ 12:30, ಮತ್ತೆ ರಾತ್ರಿ 8ರಿಂದ 10. "ನಿಮಗೆ ಕೊಟ್ಟರೆ ನಾಳೆ ಹತ್ತು ಜನ ಬಂದು ನಿಲ್ತಾರಲ್ಲ" ಅಂದರು. ನಿಜವಾದ ಭಯವೇ. "6 ವಾರ ಟ್ರಯಲ್ ಅಂತ ಕೊಡಿ ಸರ್. ಒಂದು ರಿಪೋರ್ಟ್ ತಡವಾದರೂ ಹಳೇ ಟೈಮಿಂಗ್‌ಗೆ ವಾಪಸ್" ಅಂದೆ. ಒಪ್ಪಿದರು.

ಎಡವಿದ್ದು ಬೇರೆ ಕಡೆ. ಆ 5 ಗಂಟೆಯ ಕಾಲ್ ಪಕ್ಕದ ಸೀಟಿನ ಸಹೋದ್ಯೋಗಿಯ ತಲೆಗೆ ಬಂತು. ಮ್ಯಾನೇಜರ್ ಹೇಳಿದರು, ಅವರು ಮಾಡಿದರು. ಮೂರನೇ ವಾರ ನನ್ನ ಹತ್ತಿರ ಬಂದು, "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ನನ್ನನ್ನ ಒಂದು ಮಾತು ಕೇಳಬಹುದಿತ್ತು, ಅಲ್ವಾ?" ಅಂದರು. ಏನು ಹೇಳಬೇಕೋ ತೋಚಲಿಲ್ಲ. ಅವರಿಗೆ ಸೋಮವಾರ ಬೆಳಿಗ್ಗೆಯ ವಾರದ ರಿಪೋರ್ಟ್ ಅಂದರೆ ತಲೆನೋವು ಅಂತ ಗೊತ್ತಿತ್ತು. ಹೇಗೂ ನಾನು 6:30ಕ್ಕೇ ಕೂರುತ್ತೇನೆ, ಅದನ್ನು ನಾನು ತೆಗೆದುಕೊಂಡೆ. ಇದು ಮೊದಲ ದಿನವೇ ಆಗಬೇಕಿತ್ತು.

ಒಬ್ಬ ನೌಕರ ತನಗೆ ಅಂತ ಬೇರೆಯಾಗಿ ಮಾತಾಡಿಕೊಳ್ಳುವ ಇಂಥ ಏರ್ಪಾಡಿಗೆ 'ಐ-ಡೀಲ್' ಅಂತ ಹೆಸರು ಕೊಟ್ಟವರು ಡೆನಿಸ್ ರೂಸೋ ಅನ್ನುವ ಸಂಶೋಧಕಿ. 2005ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅವರ ಲೆಕ್ಕದಲ್ಲಿ ಸಹೋದ್ಯೋಗಿಗಳಿಗೂ ಜಾಗ ಇದೆ. ಕಂಪನಿಗೂ ಲಾಭ ಇದ್ದರೆ ಅದು ಐ-ಡೀಲ್, ಇಲ್ಲದಿದ್ದರೆ ಬರೀ ಪಕ್ಷಪಾತ. ನಾನು ಇದನ್ನು ಓದಿದ್ದು ಎಲ್ಲ ಮುಗಿದ ಮೇಲೆ, ಬಿಡಿ.

ರಾತ್ರಿಯ 2 ಗಂಟೆ ಕೈಕೊಟ್ಟಿತು. ಆಸ್ಪತ್ರೆಯಿಂದ ಬಂದು ಕೂತರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಟ್ರಯಲ್ ಮುಗಿದಾಗ ನಾನೇ ಬದಲಾವಣೆ ಕೇಳಿದೆ: ರಾತ್ರಿ ಕೆಲಸ ಬೇಡ, ಮಂಗಳವಾರ ಮತ್ತು ಗುರುವಾರ 8ರ ಬದಲು 9 ಗಂಟೆ ಕೆಲಸ. ವಾರಕ್ಕೆ 40ರ ಬದಲು 36 ಗಂಟೆ, ಸಂಬಳ 10% ಕಮ್ಮಿ. ಸಂಬಳ ಇಳಿಸಿಕೊಳ್ಳುವ ಮುಂಚೆ ರಜೆ, ಬೋನಸ್, ಇನ್ಶೂರೆನ್ಸ್‌ಗೆ ಏನಾಗುತ್ತೆ ಅಂತ ಎಚ್‌ಆರ್ ಹತ್ತಿರ ಕೇಳಿಬಿಡಿ. ನಾನು ಕೇಳಿದ್ದು ಆಮೇಲೆ. ಬೋನಸ್ ಕೂಡ ಇಳಿದಿತ್ತು.

ಈ ಬದಲಾವಣೆ ಒಪ್ಪಿದ ದಿನವೇ ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಐದು ಸಾಲಿನ ಮೇಲ್ ಹಾಕಿದ್ದೆ: "ಇವತ್ತು ಮಾತಾಡಿದ ಹಾಗೆ..." ಅಂತ. ಆಗ ಸುಮ್ನೆ ಹಾಕಿದ್ದು. 5 ತಿಂಗಳಾದ ಮೇಲೆ ಮ್ಯಾನೇಜರ್ ಬದಲಾದರು. ಹೊಸಬರು ಮೊದಲ ಸೋಮವಾರವೇ "ಇದನ್ನ ಯಾರು ಒಪ್ಪಿದ್ದು?" ಅಂತ ಕೇಳಿದರು. ಆ ಮೇಲ್ ಫಾರ್ವರ್ಡ್ ಮಾಡಿದೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ಎಲ್ಲಿಯವರೆಗೆ ಅಂತ ಇಲ್ವಲ್ಲ?"

ಇರಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡುತ್ತೇವೆ. ಹೋದ ಸಲ 5 ಗಂಟೆಯ ಕಾಲ್ ಮಾಡುವವರನ್ನೂ ಕೂರಿಸಿಕೊಂಡೆವು.