ಡಿಶ್ ಕೇಬಲ್‌ಗೆ ಎಫ್ ಕನೆಕ್ಟರ್ ಕೂಡಿಸುವುದು ಹೇಗೆ?

ಧಾರವಾಡದಲ್ಲಿ ಜೋರು ಮಳೆ ಹಿಡಿದಾಗ ಟೀವಿ ಚಿತ್ರ ಒಡೆಯುವುದು ಸಹಜ. ಉಪಗ್ರಹದ ಸಿಗ್ನಲ್ಲನ್ನು ಮಳೆಹನಿಗಳೇ ತಡೆಯುತ್ತವೆ, ಕಾಯುವುದೊಂದೇ ದಾರಿ. ಮಳೆ ನಿಂತು ಬಿಸಿಲು ಬಿದ್ದರೂ ಚಿತ್ರ ಬಾರದಿದ್ದರೆ ಮಾತ್ರ ಮಾಳಿಗೆ ಹತ್ತಿ, ಕೇಬಲ್ ತುದಿಯ ಎಫ್ ಕನೆಕ್ಟರ್, ಅಂದರೆ ಕೇಬಲ್ಲನ್ನು ಡಿಶ್‌ಗೂ ಬಾಕ್ಸಿಗೂ ತಿರುಗಿಸಿ ಕೂಡಿಸುವ ಲೋಹದ ಬಿರಡೆ, ಬಿಚ್ಚಿ ನೋಡಿ. ಒಳಗಿನ ತಂತಿ ಹಸಿರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ.

ಈ ಎಫ್ ಕನೆಕ್ಟರನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ಜೆರಾಲ್ಡ್ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದ ಎರಿಕ್ ವಿನ್‌ಸ್ಟನ್. ಕೇಬಲ್ ಟೀವಿ ಮನೆಮನೆಗೆ ಹೋಗಬೇಕಾದರೆ ಕನೆಕ್ಟರ್ ಅಗ್ಗವಾಗಿರಬೇಕಿತ್ತು. ಅದಕ್ಕೇ ಇದರಲ್ಲಿ ಬೇರೆ ಪಿನ್ ಇಲ್ಲ, ಕೇಬಲ್ಲಿನ ನಡುತಂತಿಯೇ ಪಿನ್. ಬಲು ಜಾಣ ಉಪಾಯ! ಹಾಗಾಗಿ ಜೋಡಣೆಯ ಗುಣಮಟ್ಟವೆಲ್ಲ ನೀವು ಕೇಬಲ್ ಕತ್ತರಿಸುವ ರೀತಿಯ ಮೇಲೆಯೇ ನಿಂತಿದೆ.

ಮೊದಲು ಸೆಟ್ ಟಾಪ್ ಬಾಕ್ಸಿನ ಪ್ಲಗ್ ಕಿತ್ತಿಡಿ. ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಸಾಧನವಾದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ವಿದ್ಯುತ್ ಹೋಗುವುದೂ ಇದೇ ಕೇಬಲ್ಲಿನಲ್ಲಿ; ತಂತಿಗಳು ತಾಗಿದರೆ ಬಾಕ್ಸ್ ಕೆಡಬಹುದು. ಕಪ್ಪಾದ ಭಾಗವನ್ನು ಪೂರ್ತಿ ಕತ್ತರಿಸಿ ಎಸೆಯಿರಿ. ಕೇಬಲ್ಲನ್ನೇ ಬದಲಿಸುವುದಾದರೆ 75 ಓಮ್‌ನ ಆರ್‌ಜಿ-6 ತನ್ನಿ. ತೆಳ್ಳಗಿನ ಆರ್‌ಜಿ-59ರಲ್ಲಿ ಡಿಶ್ ಸಿಗ್ನಲ್ ಹೆಚ್ಚು ಸೋರುತ್ತದೆ.

ಹೊರಗಿನ ಸಿಪ್ಪೆಯನ್ನು ಸುಮಾರು 12 ಮಿ.ಮೀ. ಸುಲಿಯಿರಿ. ಜಾಲರಿ ತಂತಿಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ. ಆತುರ ಬೇಡ. ಕೂದಲೆಳೆಯಂಥ ಒಂದು ತಂತಿ ನಡುತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಬಿಳಿ ಪ್ಲಾಸ್ಟಿಕ್ಕಿಗೆ ಅಂಟಿದ ಬೆಳ್ಳಿಬಣ್ಣದ ಹಾಳೆ ಹಾಗೇ ಇರಲಿ. ತುದಿಯಲ್ಲಿ 6–7 ಮಿ.ಮೀ. ಬಿಳಿ ಪ್ಲಾಸ್ಟಿಕ್ಕನ್ನು ಹಾಳೆಸಮೇತ ತೆಗೆಯಿರಿ; ನಡುತಂತಿಗೆ ಚಾಕುವಿನ ಗೀರು ಬೀಳಬಾರದು.

ಕನೆಕ್ಟರ್ ಒತ್ತಿ ಕೂಡಿಸಿ. ಒಳಗೆ ಇಣುಕಿದರೆ ಬಿಳಿ ಪ್ಲಾಸ್ಟಿಕ್ ತಳಕ್ಕೆ ಸಮನಾಗಿರಬೇಕು, ನಡುತಂತಿ ಕನೆಕ್ಟರಿನ ಅಂಚಿನಿಂದ 2–3 ಮಿ.ಮೀ. ಹೊರಗಿರಬೇಕು. ಕೈಯಿಂದ ತಿರುಗಿಸಿ ಹಾಕುವ ಕನೆಕ್ಟರ್ ಮನೆಯೊಳಗೆ ಸಾಕು. ಮಾಳಿಗೆಗೆ ಮಾತ್ರ ಉಪಕರಣದಿಂದ ಒತ್ತಿ ಕೂಡಿಸುವ ಕಂಪ್ರೆಷನ್ ಕನೆಕ್ಟರನ್ನೇ ಹಾಕಿ. ಅದು ನೀರನ್ನು ಚೆನ್ನಾಗಿ ತಡೆಯುತ್ತದೆ. ಮೇಲೆ ರಬ್ಬರ್ ಟೋಪಿ ಇರಲಿ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ತುಸು ಕೆಳಗೆ ಜೋಲುಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಈಗ ಪ್ಲಗ್ ಹಾಕಿ, ಮೆನುವಿನಲ್ಲಿ ಸಿಗ್ನಲ್ ಮಟ್ಟ ನೋಡಿ. ಏರದಿದ್ದರೆ ಬಾಕ್ಸಿನ ಹಿಂದಿರುವ ಇನ್ನೊಂದು ತುದಿಯನ್ನೂ ಬಿಚ್ಚಿ ನೋಡಿ. ಅದೂ ಸರಿ ಇದ್ದರೆ ಗಾಳಿಗೆ ಡಿಶ್ ವಾಲಿರಬಹುದು.