ಪುಸ್ತಕದ ಗೂಡಿಗೆ ಸ್ಪೀಕರ್: ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ

ತುಮಕೂರಿನ ಹಳೇ ಮನೆಗಳಲ್ಲಿ ಗೋಡೆಯೊಳಗೇ ಕಡಪ ಕಲ್ಲು ಕೂರಿಸಿ ಮಾಡಿದ ಗೂಡುಗಳಿರುತ್ತವಲ್ಲ, ಅದರಲ್ಲಿ ಪುಸ್ತಕದ ನಡುವೆ ಸ್ಪೀಕರ್ ಇಟ್ಟವರು ಆಗಾಗ ನನ್ನನ್ನು ಕರೆಯುತ್ತಾರೆ. ಎಲ್ಲರದ್ದೂ ಒಂದೇ ದೂರು. ‘ಅಂಗಡಿಯಲ್ಲಿ ಚೆನ್ನಾಗಿತ್ತು ಸಾರ್, ಮನೆಗೆ ತಂದರೆ ಬಿಂದಿಗೆಯೊಳಗೆ ಬಾಯಿಟ್ಟು ಹಾಡಿದ ಹಾಗಿದೆ.’ ಹೋಗಿ ನೋಡಿದರೆ ಸ್ಪೀಕರ್‌ನದ್ದೇನೂ ತಪ್ಪಿರುವುದಿಲ್ಲ. ಅದಕ್ಕೆ ಆ ಜಾಗ ಸರಿಯಿಲ್ಲ, ಅಷ್ಟೆ.

‘ಬುಕ್‌ಶೆಲ್ಫ್ ಸ್ಪೀಕರ್’ ಅನ್ನೋ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ಈಗ ಆ ಹೆಸರಲ್ಲಿ ಬರುವ ಬಹಳಷ್ಟು ಡಬ್ಬಗಳು ಸ್ಟ್ಯಾಂಡ್ ಮೇಲೆ, ಗೋಡೆಯಿಂದ ಒಂದಡಿ ಈಚೆ ನಿಂತರೆ ಮಾತ್ರ ಚೆನ್ನಾಗಿ ನುಡಿಯುತ್ತವೆ. ಮೊದಲು ಹೀಗಿರಲಿಲ್ಲ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಡಬ್ಬವನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು ಎಆರ್-1 ಸ್ಪೀಕರ್ ತಂದರು. ಬೀರುವಿನ ಗಾತ್ರದ ಡಬ್ಬ ಕೊಡುತ್ತಿದ್ದ ಬಾಸ್, ಅಂದರೆ ಕೆಳಗಿನ ಸ್ವರ, ಅದರಿಂದ ಕಪಾಟಿಗೂ ಬಂತು.

ಹಂತ 1: ಅಳತೆ

ಜನ ಎಡವುವುದೇ ಇಲ್ಲಿ. ಉದ್ದ, ಎತ್ತರ ಎಲ್ಲರೂ ನೋಡುತ್ತಾರೆ. ಆಳ ಯಾರೂ ನೋಡುವುದಿಲ್ಲ.

ಬಟವಾಡಿ ಕಡೆ ನಮಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಮರದ ಬೀರು ಹೊರಗಿನಿಂದ ಅಳೆದರೆ ಸರಿಯಾಗಿ 12 ಇಂಚು. ಸ್ಪೀಕರ್ ಆಳ 27 ಸೆಂಟಿಮೀಟರ್. ‘ಇನ್ನೂ ಮೂರು ಸೆಂಟಿಮೀಟರ್ ಉಳಿಯಿತಲ್ಲ’ ಎಂದು ಲೆಕ್ಕ ಹಾಕಿ ತಂದೇಬಿಟ್ಟರು. ಬೀರುವಿನ ಬೆನ್ನಿನ ಪ್ಲೈವುಡ್, ಮುಂದಿನ ಪಟ್ಟಿ ಎಲ್ಲ ಕಳೆದರೆ ಒಳಗೆ ಇದ್ದದ್ದು ಹತ್ತೂಮುಕ್ಕಾಲು ಇಂಚು, ಅಂದರೆ 27 ಸೆಂಟಿಮೀಟರ್ ಚಿಲ್ಲರೆ. ಸ್ಪೀಕರ್ ಒತ್ತಿ ತಳ್ಳಿದರು. ಹಿಂದೆ ವೈರು ಮಡಚಿಕೊಂಡು, ತಾಮ್ರದ ಒಂದು ಎಳೆ ಕೆಂಪು ಟರ್ಮಿನಲ್‌ನಿಂದ ಕಪ್ಪಿಗೆ ತಾಗಿತು. ಆಂಪ್ಲಿಫಯರ್ ಟಕ್ ಅಂತ ಆಫ್. ಪುಣ್ಯಕ್ಕೆ ಅದರಲ್ಲಿ ಶಾರ್ಟ್ ಆದರೆ ತಾನೇ ಆಫ್ ಆಗುವ ಪ್ರೊಟೆಕ್ಷನ್ ಇತ್ತು.

ಆದ್ದರಿಂದ ಒಳಗಡೆ ಅಳೆಯಿರಿ. ಕಡಪ ಕಲ್ಲಿನ ಗೂಡಾದರೆ ಮೂರು ಕಡೆ ಅಳೆಯಿರಿ. ಹಿಂದಿನ ಗಾರೆ ನೇರವಾಗಿರುವ ಗೂಡು ನಾನಿನ್ನೂ ನೋಡಿಲ್ಲ. ಮೂರರಲ್ಲಿ ಕಡಿಮೆ ಬಂದದ್ದೇ ನಿಮ್ಮ ಲೆಕ್ಕ. ಅದರಿಂದ ವೈರಿಗೂ ಪಿನ್ನಿಗೂ 5 ಸೆಂ.ಮೀ. ಕಳೆಯಿರಿ. 30 ಸೆಂ.ಮೀ. ಗೂಡಿಗೆ 25 ಸೆಂ.ಮೀ. ಡಬ್ಬ, ಅದಕ್ಕಿಂತ ಜಾಸ್ತಿ ಬೇಡ. ಕಂಪನಿಯವರು ಕೊಡುವ ಆಳದಲ್ಲಿ ಮುಂದಿನ ಜಾಲರಿ, ಹಿಂದಿನ ಟರ್ಮಿನಲ್ ಸೇರಿದೆಯೋ ಇಲ್ಲವೋ ಕೇಳಿ. ಮೇಲೆ ಎರಡು ಬೆರಳು ಜಾಗ ಇರಲಿ, ಇಲ್ಲದಿದ್ದರೆ ಒಳಗೆ ಹೋದದ್ದು ಹೊರಗೆ ಬರಲ್ಲ.

ಹಂತ 2: ಬೆನ್ನು ತಿರುಗಿಸಿ ನೋಡಿ

ಅಂಗಡಿಯವರು ಮುಖ ತೋರಿಸುತ್ತಾರೆ. ನೀವು ಬೆನ್ನು ನೋಡಿ. ಹಿಂದೆ ದುಂಡಗೆ ತೂತಿದ್ದರೆ ಅದು ಪೋರ್ಟ್. ವೂಫರ್, ಅಂದರೆ ಬಾಸ್ ನುಡಿಸುವ ದೊಡ್ಡ ಗುಂಡು, ಅದರ ಕೋನ್ ಒಳಗೆ ಹೊರಗೆ ಆಡಿದಾಗ ಡಬ್ಬದ ಗಾಳಿ ಆ ತೂತಿನಿಂದ ಉಸಿರಾಡಿ ಬಾಸ್ ಹೆಚ್ಚಿಸುತ್ತದೆ. ಬಾಸ್ ಜೋರಾಗಿ ಹಾಕಿಸಿ ಅಂಗೈ ಇಟ್ಟು ನೋಡಿ, ಗಾಳಿ ತಟ್ಟುತ್ತದೆ. ಬಯಲಲ್ಲಿ ಇದು ಒಳ್ಳೇದೇ. ಗೂಡಿನೊಳಗೆ ಆ ಗಾಳಿಗೆ ಹೋಗಲು ದಾರಿಯಿಲ್ಲ. ಅಲ್ಲೇ ಸುತ್ತಿ ಗುಂಯ್ ಅನ್ನುತ್ತದೆ.

ಪೋರ್ಟ್ ಒಂದೇ ಕಾರಣ ಅಲ್ಲ. ಸ್ಪೀಕರ್ ಪಕ್ಕಕ್ಕೆ ಒಂದು ಗೋಡೆ ಬಂದರೆ ಕೆಳಗಿನ ಸ್ವರಗಳು 6 ಡೆಸಿಬಲ್‌ವರೆಗೂ ಏರಬಹುದು. ಗೂಡಿನಲ್ಲಿ ಹಿಂದೆ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಗೋಡೆಯೇ. ಅಂದರೆ ಬಾಸ್ ನಿಮಗೆ ಪುಕ್ಕಟೆ ಸಿಗುತ್ತಿದೆ. ಅದಕ್ಕೇ ನಾನು ಹೇಳುವುದು: ಅಂಗಡಿಯಲ್ಲಿ ಸ್ವಲ್ಪ ತೆಳ್ಳಗೆ, ಸಪ್ಪೆಯಾಗಿ ಕೇಳಿಸಿದ ಸ್ಪೀಕರನ್ನೇ ತನ್ನಿ. ‘ಇದರಲ್ಲಿ ಬಾಸ್ ಜಾಸ್ತಿ ಸಾರ್’ ಅಂದರೆ ಅದನ್ನು ಬಿಟ್ಟು ಪಕ್ಕದ್ದು ನೋಡಿ.

ನನ್ನ ಆಯ್ಕೆಯ ಕ್ರಮ ಇದು. ಮೊದಲು ಪೂರ್ತಿ ಮುಚ್ಚಿದ ಡಬ್ಬ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗೆಂದು ಮಾಡಿಸಿದ ಎಲ್ಎಸ್3/5ಎ ಅಂಥದ್ದು. ಸುಮಾರು 30 ಸೆಂ.ಮೀ. ಎತ್ತರ, 19 ಅಗಲ, 16 ಆಳ. ವ್ಯಾನಿನ ಇಕ್ಕಟ್ಟಿನಲ್ಲಿ ಪ್ರಸಾರದ ಶಬ್ದ ಸರಿಯಾಗಿದೆಯೇ ಎಂದು ಕೇಳಿ ನೋಡಲು ಮಾಡಿದ್ದು. ಅದರ ಬೆಲೆ ಈಗ ನಮ್ಮಂಥವರಿಗಲ್ಲ, ಆದರೆ ಆಕಾರ ನೆನಪಿಟ್ಟುಕೊಳ್ಳಿ. ಎರಡನೆಯದು, ಪೋರ್ಟ್ ಮುಂದೆ ಇರುವುದು. ಮೂರನೆಯದು, ಪೋರ್ಟ್ ಹಿಂದಿದ್ದರೂ ಮುಚ್ಚಲು ಸ್ಪಂಜಿನ ಬಿರಡೆ ಜೊತೆಗೇ ಕೊಡುವ ಕಂಪನಿಯದು.

ಮುಂದೆ ಪೋರ್ಟ್ ಇದೆ ಎಂದು ಕುಣಿಯಬೇಡಿ, ಒಂದನೇ ಹಂತ ಮರೆಯಬೇಡಿ. ಟ್ರಯಾಂಗಲ್ ಕಂಪನಿಯ ಬೊರಿಯಾ ಬಿಆರ್03 ಒಳ್ಳೇ ಸ್ಪೀಕರ್, ಎರಡೂ ಪೋರ್ಟ್ ಮುಂದಿವೆ. ಆದರೆ ಅದರ ಆಳ 31 ಸೆಂ.ಮೀ. ಗೂಡಿನಿಂದ ಮೂತಿ ಹೊರಗೆ ಹಾಕಿ ಕೂರುತ್ತದೆ. ಎಡಿಫೈಯರ್ ಆರ್1280ಟಿಗೂ ಪೋರ್ಟ್ ಮುಂದೆ, ಆಳ 20 ಸೆಂ.ಮೀ. ಆಸುಪಾಸು, ಆಂಪ್ಲಿಫಯರ್ ಒಳಗೇ ಇದೆ. ಅದರ ವಾಲ್ಯೂಮ್ ತಿರುಪು ಮಾತ್ರ ಪಕ್ಕದಲ್ಲಿದೆ, ಪುಸ್ತಕದ ನಡುವೆ ಬೆರಳು ಹೋಗಲ್ಲ. ರಿಮೋಟ್ ಕಳೆಯದೆ ಇಟ್ಟುಕೊಳ್ಳಿ. ಹೀಗೆ ಒಳಗೇ ಆಂಪ್ಲಿಫಯರ್ ಇರುವವು ಬಿಸಿಯಾಗುತ್ತವೆ, ಹಿಂದೆ ಗಾಳಿಗೆ ಜಾಗ ಬೇಕು.

ಈಗಾಗಲೇ ಹಿಂದಿನ ಪೋರ್ಟಿನದ್ದೇ ತಂದಾಗಿದೆಯೋ? ಹಾಸಿಗೆ ಅಂಗಡಿಯಲ್ಲಿ ಸ್ಪಂಜಿನ ತುಂಡು ಕೇಳಿ ಪಡೆದು ಬಿರಡೆ ಮಾಡಿ ಹಾಕಿ. ಒಂದು ಹಳೇ ಕಾಲುಚೀಲ ಸುತ್ತಿ ತುರುಕಿದರೂ ನಡೆಯುತ್ತದೆ. ಬಿಡಿ ಹತ್ತಿ ಮಾತ್ರ ಬೇಡ, ಒಳಗೆ ಹೋಗಿ ಸೇರಿಕೊಳ್ಳುತ್ತದೆ. ಬಿರಡೆಯಿಂದ ಇನ್ನೊಂದು ಲಾಭ. ನಮ್ಮ ಮನೆಯಲ್ಲಿ ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಕಡಜ ಪೋರ್ಟಿನೊಳಗೆ ಮಣ್ಣಿನ ಗೂಡು ಕಟ್ಟಿತ್ತು.

ಹಂತ 3: ವ್ಯಾಟ್

ಡಬ್ಬದ ಮೇಲೆ ‘ಪಿಎಂಪಿಒ’ (ಉಬ್ಬಿಸಿ ಹೇಳುವ ವ್ಯಾಟ್ ಲೆಕ್ಕ) ಎಂದು ಸಾವಿರಗಟ್ಟಲೆ ಬರೆದಿದ್ದರೆ ಸುಮ್ನೆ ಕೆಳಗಿಟ್ಟು ಬನ್ನಿ. ಆರ್‌ಎಂಎಸ್ (ಬಿಡದೆ ಕೊಡಬಲ್ಲ ನಿಜವಾದ ಶಕ್ತಿ) ಎಷ್ಟು ಎಂದು ಮಾತ್ರ ಕೇಳಿ. ಸಾಧಾರಣ ಹಾಲ್‌ಗೆ 30ರಿಂದ 50 ವ್ಯಾಟ್ ಸಾಕು. ವೂಫರ್ 4 ಅಥವಾ 5 ಇಂಚು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಿಂತ ಅಗಲವಾದದ್ದು ಗೂಡಿಗೆ ಬೇಡವೇ ಬೇಡ.

ಹಂತ 4: ಯಾವ ಗೂಡು, ಹೇಗೆ ಕೂರಿಸುವುದು

ಮೇಲಿರುವ ಪುಟ್ಟ ಗುಂಡು, ಅಂದರೆ ಟ್ವೀಟರ್, ಕೂತಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯೋ ಚಾಪೆಯೋ, ನೀವು ಎಲ್ಲಿ ಕೂತು ಕೇಳುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಎರಡೂ ಸ್ಪೀಕರ್ ನಡುವೆ ಐದಾರು ಅಡಿ ಇರಲಿ, ನಿಮ್ಮಿಂದಲೂ ಹೆಚ್ಚೂಕಡಿಮೆ ಅಷ್ಟೇ ದೂರ. ಜಾಗ ಸಾಲದೆಂದು ಅಡ್ಡ ಮಲಗಿಸುವವರಿದ್ದಾರೆ. ನನಗದು ಸೇರಲ್ಲ.

ಸ್ಪೀಕರ್ ಮುಖ ಗೂಡಿನ ಅಂಚಿಗೆ ಸಮವಾಗಿ ಬರಲಿ. ಚೆಂದ ಕಾಣುತ್ತದೆಂದು ಒಳಗೆ ತಳ್ಳಿದರೆ ಕೆಳಗಿನ ಹಲಗೆಗೆ ಶಬ್ದ ಬಡಿದು ಮಾತು ಮಸುಕಾಗುತ್ತದೆ. ಅಕ್ಕಪಕ್ಕ ಖಾಲಿ ಬಿಡಬೇಡಿ, ಪುಸ್ತಕ ತುಂಬಿ. ಎತ್ತರ ಒಂದೇ ಇರಬೇಕೆಂದಿಲ್ಲ, ಏರುಪೇರಾಗಿದ್ದರೇ ಒಳ್ಳೇದು. ಬೀರುವಿಗೆ ಗಾಜಿನ ಬಾಗಿಲಿದ್ದರೆ ಕೇಳುವಾಗ ಪೂರ್ತಿ ತೆರೆದು, ಸಂದಿಗೆ ಕಾಗದ ಮಡಚಿ ಸಿಗಿಸಿ. ಇಲ್ಲದಿದ್ದರೆ ಮೃದಂಗದ ಎಡಗಡೆ ಪೆಟ್ಟಿಗೆಲ್ಲ ಗಾಜೂ ತಾಳ ಹಾಕುತ್ತದೆ.

ಅಡಿಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು ಸಾಕು. ಎರಡೂ ಕಡೆ ಅಂಟುವ ಟೇಪ್ ಹಾಕಬೇಡಿ, ಕೀಳುವಾಗ ಡಬ್ಬದ ಚರ್ಮವೇ ಎದ್ದು ಬರುತ್ತದೆ.

ಹಂತ 5: ವೈರು

ಚಿನ್ನದ ಲೇಪದ ದುಬಾರಿ ವೈರು ಮಾರುವವರ ಮಾತು ಕೇಳಬೇಡಿ. ಮನೆಗೆ ಎಳೆಯುವ 1.5 ಚದರ ಮಿಲಿಮೀಟರ್ ತಾಮ್ರದ ವೈರು ಧಾರಾಳ. ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದ ವೈರೂ ಬರುತ್ತದೆ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಉಲ್ಟಾ ಆದರೆ ಬಾಸ್ ಮಾಯ. ಅನುಮಾನ ಬಂದರೆ ವೈರನ್ನು ಆಂಪ್ಲಿಫಯರ್ ಕಡೆಯಿಂದ ಬಿಚ್ಚಿ, ಒಂದು ಪೆನ್ ಸೆಲ್ ತಂದು ಬಿಚ್ಚಿದ ತುದಿಗೆ ಕ್ಷಣ ಮಾತ್ರ ಮುಟ್ಟಿಸಿ. ಸೆಲ್ಲಿನ ಪ್ಲಸ್ ಕೆಂಪಿಗೆ ಬಂದರೆ ವೂಫರ್ ಕೋನ್ ಹೊರಗೆ ಬರಬೇಕು. ಆಂಪ್ಲಿಫಯರ್ ಒಳಗೇ ಇರುವ ಸ್ಪೀಕರ್‌ಗೆ ಈ ಪರೀಕ್ಷೆ ಬೇಡ.

ಎಲ್ಲ ಆದಮೇಲೆ ಹಾಡು ಹಾಕಬೇಡಿ. ರೇಡಿಯೊ ವಾರ್ತೆ ಹಾಕಿ, ಗಂಡಸು ಓದುವುದು. ಎದೆಯಿಂದ ಬರುವ ದನಿ ಡಬ್ಬದಿಂದ ಬಂದಂತಿದ್ದರೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ. ಸಂಗೀತದಲ್ಲಿ ಈ ದೋಷ ಅಡಗಿಕೊಳ್ಳುತ್ತದೆ, ಮಾತಿನಲ್ಲಿ ಅಡಗಲ್ಲ.

ಮೇಷ್ಟ್ರು ಆ ಸ್ಪೀಕರ್ ಕೊಟ್ಟು, 18 ಸೆಂ.ಮೀ. ಆಳದ ಮುಚ್ಚಿದ ಡಬ್ಬ ತಂದರು. ಎರಡೂ ಪಕ್ಕ ದಪ್ಪ ದಪ್ಪ ನಿಘಂಟು ಜೋಡಿಸಿಕೊಟ್ಟೆ. ಹದಿನೈದು ದಿನ ಬಿಟ್ಟು ಫೋನು. ‘ಯಾಕೋ ಎಡಗಡೆ ಮತ್ತೆ ಗುಂಯ್ ಅಂತಿದೆ ಕಣಯ್ಯಾ.’ ಯಾವ ಪುಸ್ತಕ ಈಚೆಗಿದೆ ಸಾರ್ ಎಂದು ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಪದಬಂಧಕ್ಕೆಂದು ತೆಗೆದ ಎರಡು ನಿಘಂಟು ಊಟದ ಮೇಜಿನ ಮೇಲಿದ್ದವಂತೆ.