ಹ್ಯಾಮ್ ಸೆಟ್‌ನಲ್ಲಿ ನಿಮ್ಮ ದನಿ ತಿಳಿಯಾಗಿ ಹೋಗಬೇಕೇ? ವ್ಯಾಟ್ ಮೀಟರ್ ನೋಡುವುದು ಬಿಡಿ

ಬೆಳಿಗ್ಗೆ ಹೊತ್ತು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮಾತಾಡುವ 7 ಮೆಗಾಹರ್ಟ್ಸ್ ಬ್ಯಾಂಡಿಗೆ ಕಿವಿ ಕೊಟ್ಟರೆ ಎರಡು ಬಗೆಯ ದನಿ ಕೇಳುತ್ತದೆ. ಒಂದು ಸಣ್ಣಗೆ ಬರುತ್ತದೆ, ಆದರೆ ಒಂದೊಂದು ಅಕ್ಷರವೂ ತಿಳಿಯುತ್ತದೆ. ಇನ್ನೊಂದು ಮೀಟರಿನ ಮುಳ್ಳನ್ನು ಕೊನೆಯವರೆಗೆ ತಳ್ಳುತ್ತದೆ, ಆದರೂ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಏನೆಂದು ಮತ್ತೆ ಮತ್ತೆ ಕೇಳಬೇಕು. ಎರಡನೆಯವರ ಸೆಟ್ ಕೆಟ್ಟದ್ದೇನಲ್ಲ. ಹೊಸ ಹ್ಯಾಮ್‌ಗಳ ಮನೆಗೆ ಹೋದಾಗಲೆಲ್ಲ ನಾನು ನೋಡುವುದು ಹೆಚ್ಚುಕಡಿಮೆ ಇದನ್ನೇ: ಮೈಕ್ ಗೇನ್ (ಮೈಕಿನ ಸಿಗ್ನಲ್ ಹೆಚ್ಚಿಸುವ ನಾಬ್) ಪೂರ್ತಿ ಮೇಲೆ, ಕಂಪ್ರೆಸರ್ ಆನ್, ಕಣ್ಣು ವ್ಯಾಟ್ ಮೀಟರ್ ಮೇಲೆ.

ಮಲೆನಾಡಿನವರಿಗೆ ಇದು ಸಣ್ಣ ವಿಷಯ ಅಲ್ಲ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್‌ಗಳ ಅಲೆ ನೆಟ್ಟಗೆ ಹೋಗುತ್ತದೆ, ದೊಡ್ಡ ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. 7 ಮೆಗಾಹರ್ಟ್ಸ್ ಅಲೆ ಮೇಲಕ್ಕೆ ಹೋಗಿ ಅಯಾನುಗೋಳದಿಂದ ವಾಪಸ್ ಇಳಿಯುವುದರಿಂದ ಅದಕ್ಕೆ ಗುಡ್ಡದ ಹಂಗಿಲ್ಲ. ಅಡಿಕೆ ಮರಗಳ ನಡುವೆ ಸುಮಾರು 20 ಮೀಟರ್ ಉದ್ದದ ಡೈಪೋಲ್ ಎಂಬ ತಂತಿ ಆಂಟೆನಾ ಕಟ್ಟಿದರೆ ಸಾಮಾನ್ಯವಾಗಿ ಹಗಲಲ್ಲಿ ಮಂಗಳೂರು, ಬೆಂಗಳೂರು ಸಿಗುತ್ತವೆ. ಮುಂಗಾರಿನಲ್ಲಿ ಮರ ಬಿದ್ದು ಕರೆಂಟೂ ಇಲ್ಲ, ಫೋನೂ ಇಲ್ಲ ಎಂದಾಗ ಉಳಿಯುವುದು ಈ ದಾರಿ. ಆಗ ಹೇಳಿದ್ದು ಒಂದೇ ಸಲಕ್ಕೆ ತಿಳಿಯಬೇಕು, ಅಲ್ವಾ?

ಲೈಸೆನ್ಸ್ ಪಡೆದು, ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಹ್ಯಾಮ್‌ಗಳು ದನಿ ಕಳಿಸುವ ಒಂದು ವಿಧಾನ) ಮಾತಾಡಲು ಶುರುಮಾಡಿದವರಿಗಾಗಿ ಈ ಲೇಖನ.

ಮೊದಲು ಕರೆಂಟು, ಮೈಕು

ಆಂಟೆನಾ ಬಿಚ್ಚಿ 50 ಓಮ್‌ನ ಡಮ್ಮಿ ಲೋಡ್ (ಪವರ್ ಹೊರಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಾಕಿ. ಬ್ಯಾಂಡಿನ ಮೇಲೆ ಹಲೋ ಹಲೋ ಎನ್ನುತ್ತಾ ಸೆಟ್ಟಿಂಗ್ ಮಾಡುವುದು ಬೇರೆಯವರಿಗೆ ತೊಂದರೆ.

100 ವ್ಯಾಟ್ ಸೆಟ್‌ಗೆ 13.8 ವೋಲ್ಟ್ ಬೇಕು, ಮಾತಾಡುವಾಗ 20 ಆಂಪಿಯರ್‌ವರೆಗೂ ಎಳೆಯುತ್ತದೆ. ಹೆಚ್ಚಿನ ಸೆಟ್‌ಗಳು ಶೇ 15ರಷ್ಟು ಏರುಪೇರು ತಡೆಯುತ್ತವೆ. ಅಂದರೆ ಸುಮಾರು 11.7 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಮಳೆಗಾಲದಲ್ಲಿ ಬ್ಯಾಟರಿ ಮೇಲೆ ಸೆಟ್ ಓಡಿಸುವವರು ಇದನ್ನು ಮಾತಾಡುತ್ತಿರುವಾಗಲೇ ಅಳೆಯಬೇಕು, ಸುಮ್ಮನೆ ಕೇಳುತ್ತಿರುವಾಗ ಅಲ್ಲ. ಸಣ್ಣ ವೈರು ಹಾಕಿದ್ದರೆ ಬ್ಯಾಟರಿಯಲ್ಲಿ 12.5 ಇದ್ದರೂ ಸೆಟ್‌ನ ಬಳಿ 11 ಇರಬಹುದು. ಆಗ ದನಿ ನಡುಗುತ್ತದೆ. ಯಾವ ನಾಬ್ ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಮೈಕ್ ಬಾಯಿಂದ ಎರಡು-ಮೂರು ಬೆರಳು ದೂರ ಇರಲಿ. ನೇರ ಎದುರಿಗೆ ಹಿಡಿಯಬೇಡಿ, ಬಾಯಿಯ ಓರೆಗೆ ಹಿಡಿಯಿರಿ. ಭ, ಫ, ಪ ಹೇಳುವಾಗ ಬರುವ ಗಾಳಿ ಆಗ ಮೈಕಿಗೆ ಬಡಿಯುವುದಿಲ್ಲ. ಸೆಟ್‌ನ ಜೊತೆಗೆ ಬಂದ ಕೈಮೈಕೇ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆನ್‌ಲೈನ್‌ನಲ್ಲಿ ಸಿಗುವ ಎಕೋ ಬರುವ ಪವರ್ ಮೈಕ್ ದಯವಿಟ್ಟು ಕೊಳ್ಳಬೇಡಿ, ಅದರಿಂದ ಮಾತು ಕಲಸಿಹೋಗುತ್ತದೆ. 48 ವೋಲ್ಟ್ ಬೇಡುವ ಸ್ಟುಡಿಯೋ ಮೈಕ್‌ಗಳೂ ನೇರವಾಗಿ ಹೊಂದುವುದಿಲ್ಲ. ಬೇರೆ ಕಂಪನಿಯ ಮೈಕ್ ಹಾಕುವವರು ಪಿನ್ ಜೋಡಣೆಯನ್ನು ಕೈಪಿಡಿಯಲ್ಲಿ ನೋಡಿಯೇ ಹಾಕಬೇಕು. ಐಕಾಮ್ ಸೆಟ್‌ಗಳ ಮೈಕ್ ಪಿನ್‌ನಲ್ಲಿ ಡಿಸಿ ವೋಲ್ಟೇಜ್ ಇರುತ್ತದೆ. ಡೈನಮಿಕ್ ಮೈಕ್ ಹಾಕುವುದಾದರೆ ನಡುವೆ ಒಂದು ಕೆಪಾಸಿಟರ್ ಬೇಕೇ ಬೇಕು.

ಮೈಕ್ ಗೇನ್: ಕೆಡುವುದು ಇಲ್ಲೇ

ಕಂಪ್ರೆಸರ್ ಆಫ್ ಮಾಡಿ. ಈಕ್ವಲೈಸರ್ ಇದ್ದರೆ ಸೊನ್ನೆಗೆ ತನ್ನಿ. ಪವರ್ ನಾಬ್ ನೀವು ದಿನವೂ ಮಾತಾಡುವ ಮಟ್ಟಕ್ಕೇ ಇರಲಿ. ಪವರ್ ಇಳಿಸಿದರೆ ಎಎಲ್‌ಸಿ (ಸಿಗ್ನಲ್ ಮಿತಿ ಮೀರದಂತೆ ತಾನಾಗಿ ತಡೆಯುವ ಸರ್ಕ್ಯೂಟ್) ಬೇಗ ಕೆಲಸ ಶುರುಮಾಡುವುದರಿಂದ ಲೆಕ್ಕ ತಪ್ಪುತ್ತದೆ. ಮೀಟರ್ ಎಎಲ್‌ಸಿಗೆ ತಿರುಗಿಸಿ. ಮೈಕ್ ಗೇನ್ ಸೊನ್ನೆಗೆ ಇಳಿಸಿ.

ಈಗ ಪಿಟಿಟಿ (ಮೈಕಿನ ಮಾತಾಡುವ ಬಟನ್) ಒತ್ತಿ ಮಾತಾಡಿ. 'ಹಲೋ ಟೆಸ್ಟ್' ಬೇಡ. ನಾನು ಎಲ್ಲರಿಗೂ ಹೇಳುವುದು ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರು: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ. ಇದರಲ್ಲಿ ಎಲ್ಲ ಇದೆ. ಭ ಗಾಳಿ ಊದುತ್ತದೆ, ಸ ಮತ್ತು ಶ ಮೇಲಿನ ಸ್ವರದಲ್ಲಿ ಬರುತ್ತವೆ, ಹ ಮೆಲ್ಲಗೆ ಬರುತ್ತದೆ. ಅಟ್ಟದ ಮೇಲಿರುವವರನ್ನು ಕೂಗುವ ದನಿ ಬೇಡ. ಜಗಲಿಯಲ್ಲಿ ಎದುರು ಕೂತವರ ಹತ್ತಿರ ಮಾತಾಡುವ ದನಿ ಸಾಕು.

ಮಾತಾಡುತ್ತಲೇ ಗೇನ್ ನಿಧಾನವಾಗಿ ಏರಿಸಿ. ಮೊದಲು ಎಎಲ್‌ಸಿ ಮುಳ್ಳು ಅಲುಗುವುದೇ ಇಲ್ಲ. ಒಂದು ಹಂತದಲ್ಲಿ ಜೋರಾದ ಅಕ್ಷರಗಳಿಗೆ ಮಾತ್ರ ಸ್ವಲ್ಪ ಎದ್ದು ಕೂರುತ್ತದೆ. ಅಲ್ಲೇ ನಿಲ್ಲಿಸಿ. ಮೀಟರಿನಲ್ಲಿ ಎಎಲ್‌ಸಿ ಎಂದು ದಪ್ಪ ಗೆರೆ ಎಳೆದಿರುತ್ತದೆ. ಅದರೊಳಗೆ ಇದ್ದರೆ ಸಾಕು ಎನ್ನುತ್ತವೆ ಕೈಪಿಡಿಗಳು. ನಾನು ಆ ಗೆರೆಯ ಮೂರನೇ ಒಂದು ಭಾಗ ದಾಟಲು ಬಿಡುವುದಿಲ್ಲ. ಯಾಕೆಂದರೆ ದೂರದ ಸ್ಟೇಷನ್ ಸಿಕ್ಕಾಗ ಎಲ್ಲರ ದನಿಯೂ ಏರುತ್ತದೆ. ಅದಕ್ಕೂ ಜಾಗ ಉಳಿದಿರಬೇಕು.

ಇಷ್ಟಕ್ಕೆ ನಿಲ್ಲಿಸಿದಾಗ ವ್ಯಾಟ್ ಮೀಟರ್ 100 ತೋರಿಸುವುದಿಲ್ಲ. 25, 30ರ ಸುತ್ತ ಆಡುತ್ತಿರುತ್ತದೆ. 'ನನ್ನ ಸೆಟ್ ಪವರ್ ಕೊಡ್ತಿಲ್ಲ' ಎಂದು ಗಾಬರಿಯಾಗಿ ಜನ ಗೇನ್ ಏರಿಸುವುದು ಇಲ್ಲಿಯೇ. ಎಸ್‌ಎಸ್‌ಬಿಯಲ್ಲಿ ಮಾತಿಲ್ಲದಿದ್ದರೆ ಪವರ್ ಇಲ್ಲ. ಮಾತಿನ ಶಿಖರ 100 ಮುಟ್ಟುವುದು ಕ್ಷಣಕಾಲ, ಮುಳ್ಳು ಅಷ್ಟು ಬೇಗ ಓಡುವುದಿಲ್ಲ. ಅದು ತೋರಿಸುವುದು ಸರಾಸರಿಯನ್ನು. ನಿಮ್ಮ ಸೆಟ್ ಸರಿಯಾಗಿಯೇ ಇದೆ.

ಬಲವಂತವಾಗಿ ಏರಿಸಿದರೆ ಆಗುವುದೇನು? ಎಎಲ್‌ಸಿ ಇರುವುದು ಕೊನೆಯ ಟ್ರಾನ್ಸಿಸ್ಟರ್‌ಗಳಿಗೆ ತಾಳಲಾರದಷ್ಟು ಸಿಗ್ನಲ್ ಹೋಗದಂತೆ ಹಿಂದಕ್ಕೆ ಎಳೆಯಲು. ಅದು ಘಾಟಿ ಇಳಿಯುವ ಗಾಡಿಯ ಬ್ರೇಕಿನಂತೆ: ಇರಲೇಬೇಕು, ಆದರೆ ಅದನ್ನು ಒತ್ತಿಕೊಂಡೇ ದಾರಿಯುದ್ದಕ್ಕೂ ಓಡಿಸಬಾರದು. ಮಾತು ಹೆಚ್ಚಾದ ಮೇಲೆಯೇ ಎಎಲ್‌ಸಿಗೆ ಗೊತ್ತಾಗುವುದು. ಹಾಗಾಗಿ ಅಕ್ಷರದ ಶುರು ಒಡೆದು ಹೋಗುತ್ತದೆ. ಒಡೆದದ್ದು ನಿಮ್ಮ ಜಾಗದಲ್ಲೇ ಉಳಿಯದೆ ಪಕ್ಕದಲ್ಲಿ ಮಾತಾಡುತ್ತಿರುವವರ ಫ್ರೀಕ್ವೆನ್ಸಿಗೂ ಚೆಲ್ಲುತ್ತದೆ. ಮಾತು ನಿಂತ ಕೂಡಲೇ ಗೇನ್ ವಾಪಸ್ ಏರಿ ಫ್ಯಾನು, ಕುಕ್ಕರ್, ತಗಡಿನ ಮೇಲೆ ಬೀಳುವ ಮಳೆ ಎಲ್ಲ ಒಳಗೆ ಬರುತ್ತವೆ. ಆರಿದ್ರಾ ಮಳೆ ಹೊಯ್ಯುವಾಗ ಕೆಲವರ ಸ್ಟೇಷನ್ನಿಂದ ಮಾತಿಗಿಂತ ಮಳೆಯೇ ಜಾಸ್ತಿ ಕೇಳುತ್ತದೆ.

ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ 40ರಂಥ ಸಣ್ಣ ಸೆಟ್‌ಗಳಲ್ಲಿ ಎಎಲ್‌ಸಿಯೇ ಇಲ್ಲ. ಅವುಗಳಲ್ಲಿ ಹತೋಟಿ ನಿಮ್ಮ ಬಾಯಿಗೂ ಮೈಕಿಗೂ ನಡುವಿನ ದೂರದಲ್ಲಿದೆ. ಹತ್ತಿರ ಬಂದು ಕೂಗಬೇಡಿ, ಅಷ್ಟೇ.

ಕಂಪ್ರೆಸರ್

ಮೆಲ್ಲಗಿನ ಅಕ್ಷರಗಳನ್ನು ಎತ್ತಿ ಜೋರಿನವುಗಳ ಹತ್ತಿರಕ್ಕೆ ತರುವುದು ಇದರ ಕೆಲಸ. ಗದ್ದಲದ ಬ್ಯಾಂಡಿನಲ್ಲಿ ನಿಜಕ್ಕೂ ಉಪಯೋಗ. ಆದರೆ ಗೇನ್ ಹೊಂದಿಸಿದ ಮೇಲೆಯೇ ಆನ್ ಮಾಡಬೇಕು. ಮೀಟರ್ ಅನ್ನು ಕಂಪ್‌ಗೆ ತಿರುಗಿಸಿ. ಜೋರಾದ ಅಕ್ಷರಗಳಿಗೆ 10 ಡಿಬಿ ದಾಟಬಾರದು. ನಮ್ಮ ನಮ್ಮಲ್ಲಿ ಹರಟೆಗೆ 5-6 ಡಿಬಿ ಧಾರಾಳವಾಯಿತು. ನಂತರ ಮತ್ತೆ ಎಎಲ್‌ಸಿ ನೋಡಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೊಂದೇ. ಕಂಪ್ರೆಸರ್ ಹಾಕಿದಾಗ ಎಎಲ್‌ಸಿ ಮುಳ್ಳು ಬಹುತೇಕ ಸೆಟ್‌ಗಳಲ್ಲಿ ಏರಿರುತ್ತದೆ. ಅದು ಮೊದಲಿದ್ದ ಜಾಗಕ್ಕೆ ಬರುವವರೆಗೆ ಮೈಕ್ ಗೇನ್ ಇಳಿಸಿ. ಮಾತು ನಿಲ್ಲಿಸಿ ಪಿಟಿಟಿ ಒತ್ತಿಯೇ ಇಟ್ಟಾಗ ವ್ಯಾಟ್ ಮೀಟರ್ ಅಲುಗಿದರೆ ಕೋಣೆಯ ಸದ್ದು ಹೋಗುತ್ತಿದೆ ಎಂದರ್ಥ. ಕಂಪ್ರೆಷನ್ ಇನ್ನೂ ಕಡಿಮೆ ಮಾಡಿ.

ದಪ್ಪ ದನಿ ಬೇಡ

ರೇಡಿಯೋ ಅನೌನ್ಸರ್ ಥರ ಗಂಭೀರ ದನಿ ಬರಲಿ ಎಂದು ಬೇಸ್ ಏರಿಸುವವರು ಬಹಳ. ಮಾತಿನ ಶಕ್ತಿ ಹೆಚ್ಚಿರುವುದು ಕೆಳಗಿನ ಸ್ವರದಲ್ಲಿ, ಅರ್ಥ ತಿಳಿಯುವುದು ವ್ಯಂಜನಗಳಿರುವ ಮೇಲಿನ ಸ್ವರದಲ್ಲಿ. ಬೇಸ್ ಇಳಿಸಿ, ಟ್ರೆಬಲ್ ಒಂದೆರಡು ಹೆಜ್ಜೆ ಏರಿಸಿ. ಸಣ್ಣ ದನಿಯ ಹೆಂಗಸರು, ಮಕ್ಕಳು ಟ್ರೆಬಲ್ ಮುಟ್ಟುವುದು ಬೇಡ. ಟ್ರಾನ್ಸ್‌ಮಿಟ್ ಬ್ಯಾಂಡ್‌ವಿಡ್ತ್ 300ರಿಂದ 2700 ಹರ್ಟ್ಸ್ ಇಡಿ.

ಕೇಳಿ ನೋಡಿ, ಕೇಳಿಸಿ ನೋಡಿ

ಹೆಡ್‌ಫೋನ್ ಹಾಕಿ ಮಾನಿಟರ್ ಆನ್ ಮಾಡಿದರೆ ನಿಮ್ಮ ದನಿ ಕೇಳುತ್ತದೆ. ಆದರೆ ಬಹಳ ಸೆಟ್‌ಗಳಲ್ಲಿ ಅದು ಕೊನೆಯ ಆಂಪ್ಲಿಫೈಯರ್‌ಗಿಂತ ಮೊದಲೇ ತೆಗೆದ ಸಿಗ್ನಲ್. ಕೊನೆಯಲ್ಲಿ ಒಡೆದಿದ್ದರೆ ಇಲ್ಲಿ ಗೊತ್ತಾಗುವುದಿಲ್ಲ. ಇನ್ನೊಂದು ರಿಸೀವರ್ ಅಥವಾ ಕಂಪ್ಯೂಟರ್‌ಗೆ ಹಾಕುವ ಎಸ್‌ಡಿಆರ್ ಡಾಂಗಲ್‌ನಲ್ಲಿ ರೆಕಾರ್ಡ್ ಮಾಡುವುದು ಒಳ್ಳೆಯದು. ಆ ಡಾಂಗಲ್‌ಗೆ ಆಂಟೆನಾ ಹಾಕಬೇಡಿ. ಪಕ್ಕದಲ್ಲೇ 100 ವ್ಯಾಟ್ ಇರುವಾಗ ರಿಸೀವರೇ ಉಸಿರು ಕಟ್ಟಿ, ಇಲ್ಲದ ದೋಷ ಕೇಳಿಸುತ್ತದೆ.

ಡಮ್ಮಿ ಲೋಡ್‌ನಲ್ಲಿ ಚೆನ್ನಾಗಿದ್ದು ಆಂಟೆನಾ ಹಾಕಿದ ಕೂಡಲೇ ದನಿ ಗೊರಗೊರ ಎಂದರೆ? ಪವರ್ 20 ವ್ಯಾಟ್‌ಗೆ ಇಳಿಸಿ. ಸರಿಹೋದರೆ ಆಂಟೆನಾದ ಆರ್‌ಎಫ್ (ರೇಡಿಯೋ ಸಿಗ್ನಲ್) ಮೈಕ್ ವೈರಿಗೆ ನುಗ್ಗುತ್ತಿದೆ. ಕಿಟಕಿಯಿಂದ ಹೊರಗೆ ಬರೀ ಒಂದು ವೈರು ಎಳೆದವರಿಗೆ ಇದು ಜಾಸ್ತಿ. ಟಿವಿ ಕೇಬಲ್ಲಿನಲ್ಲಿರುವಂಥ ಸಣ್ಣ ಫೆರೈಟ್ ಮಣಿಯನ್ನು ಒಂದು ಕಡೆ ಸಿಕ್ಕಿಸಿ ಸುಮ್ಮನಾದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಪ್ರಯೋಜನವಿಲ್ಲ. 31ನೇ ಮಿಕ್ಸ್‌ನ (ಇದು ಫೆರೈಟ್‌ನ ಬಗೆ) ದೊಡ್ಡ ಫೆರೈಟ್ ಉಂಗುರಕ್ಕೆ ಮೈಕ್ ವೈರನ್ನೂ ಆಂಟೆನಾದ ಕೋಆಕ್ಸ್ ಕೇಬಲ್ಲನ್ನೂ ಬೇರೆ ಬೇರೆಯಾಗಿ ಹಲವು ಸುತ್ತು ಸುತ್ತಬೇಕು. ಸುತ್ತು ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟು.

ಕೊನೆಗೆ ಬ್ಯಾಂಡಿನ ಮೇಲೆ ರಿಪೋರ್ಟ್ ಕೇಳಿ. 'ನನ್ನ ಆಡಿಯೋ ಹೇಗಿದೆ ಸಾರ್?' ಎಂದರೆ ಎಲ್ಲರೂ '59, ಚೆನ್ನಾಗಿದೆ' ಎನ್ನುತ್ತಾರೆ (5 ಅಂದರೆ ಪೂರ್ತಿ ತಿಳಿಯುತ್ತದೆ, 9 ಅಂದರೆ ಸಿಗ್ನಲ್ ಬಹಳ ಜೋರು). ಯಾರಿಗೂ ಬೇಜಾರು ಮಾಡಲು ಇಷ್ಟವಿಲ್ಲ. ಅದರ ಬದಲು ತಾಲ್ಲೂಕುಗಳ ಹೆಸರನ್ನು ಕಂಪ್ರೆಸರ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಹೇಳಿ. ಯಾವುದು ಯಾವುದೆಂದು ಬಿಟ್ಟುಕೊಡದೆ 'ಒಂದನೆಯದೋ ಎರಡನೆಯದೋ?' ಎಂದು ಕೇಳಿ. ನಿಮ್ಮನ್ನು ಜೋರಾಗಿ ಕೇಳುತ್ತಿರುವ ಹತ್ತಿರದ ಸ್ಟೇಷನ್ನಿನವರಿಗೆ 'ಮೇಲೆ ಕೆಳಗೆ 4 ಕಿಲೋಹರ್ಟ್ಸ್ ಸರಿದು ಕೇಳಿ, ನನ್ನ ಸದ್ದು ಅಲ್ಲಿ ಇದೆಯಾ?' ಎಂದು ಕೇಳಿಕೊಳ್ಳಿ. ಇದೆ ಎಂದರೆ ಗೇನ್ ಇಳಿಸಿ ಮತ್ತೆ ಕೇಳಿ.

ಹೊಂದಿದ ಅಂಕಿಗಳನ್ನು, ಅಂದರೆ ಪವರ್, ಗೇನ್, ಕಂಪ್, ಬೇಸ್, ಟ್ರೆಬಲ್ ಇವನ್ನು ಚೀಟಿಯಲ್ಲಿ ಬರೆದು ಸೆಟ್‌ನ ನೆತ್ತಿಗೆ ಅಂಟಿಸಿ. ಮಳೆಗಾಲದಲ್ಲಿ ಮೈಕನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿದು ದನಿ ಮಂಕಾಗುತ್ತದೆ. ಮೈಕ್ ಬದಲಿಸಿದರೆ ಚೀಟಿ ಕಿತ್ತುಹಾಕಿ, ಗೇನ್ ಸೊನ್ನೆಯಿಂದ ಮತ್ತೆ ಶುರುಮಾಡಿ.